ಬೆಲೆಬಾಳುವ ಪಾರ್ಸೆಲ್‌ಗೆ ವಿಮೆ: ಡಬ್ಬಕ್ಕೆ ಟೇಪ್ ಹಾಕುವ ಮೊದಲಿನಿಂದ ಪರಿಹಾರ ಕೈಸೇರುವವರೆಗೆ

ಇಪ್ಪತ್ತೆರಡು ಸಾವಿರದ ಮೈಸೂರು ರೇಷ್ಮೆ ಸೀರೆ ದಾರಿಯಲ್ಲೆಲ್ಲೋ ಮಾಯವಾಗುತ್ತದೆ. ಕೊರಿಯರ್ ಕಚೇರಿಗೆ ಹೋದರೆ ನೂರೋ ಇನ್ನೂರೋ ಕೊಡುತ್ತೇವೆ ಎನ್ನುತ್ತಾರೆ. ಸೀರೆಯ ಬದಲು ಕ್ಯಾಮೆರಾ ಇರಬಹುದು, ಬಿದರಿ ಹೂದಾನಿ ಇರಬಹುದು, ಮುಂದಿನ ಜಗಳ ಮಾತ್ರ ಅದೇ. ರಸೀದಿಯ ಹಿಂಬದಿಯನ್ನು ಮೊದಲ ಸಲ ಓದುವುದೇ ಪಾರ್ಸೆಲ್ ಕಳೆದ ಮೇಲೆ. ಅಷ್ಟು ಹೊತ್ತಿಗೆ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ, ಏಕೆಂದರೆ ಕ್ಲೇಮ್ ಗೆಲ್ಲುತ್ತದೋ ಸೋಲುತ್ತದೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಬುಕಿಂಗ್ ದಿನದ ಕಾಗದಗಳು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಹೆಚ್ಚಿನವರು ಮೊದಲು ಪ್ಯಾಕ್ ಮಾಡಿ ಆಮೇಲೆ ವಿಮೆಯ ಬಗ್ಗೆ ಕೇಳುತ್ತಾರೆ. ತಪ್ಪು ಶುರುವಾಗುವುದೇ ಅಲ್ಲಿ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು: ವಸ್ತುವಿನ ಬಿಲ್, ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ, ಮೊಬೈಲ್, ಒಂದರೊಳಗೊಂದು ಹಿಡಿಯುವ ಎರಡು ಹೊಸ ರಟ್ಟಿನ ಡಬ್ಬ, ಅಗಲದ ಟೇಪ್, ಅಳಿಸಲಾಗದ ಮಾರ್ಕರ್, ಗುರುತಿನ ಚೀಟಿಯ ಪ್ರತಿ. ಅಂಚೆಯಲ್ಲಿ ವಿಮೆ ಮಾಡಿಸುವುದಾದರೆ ಅರಗು ಮತ್ತು ಮುದ್ರೆ ಬೇಕೇ ಎಂದು ಮೊದಲೇ ಕೇಳಿಕೊಳ್ಳಿ.

ಹಂತ 1: ಬೆಲೆಗೆ ದಾಖಲೆ ಮಾಡಿಕೊಳ್ಳಿ

ವಿಮೆಯಲ್ಲಿ ಸಿಗುವುದು ನೀವು ಹೇಳಿದ ಬೆಲೆಯಲ್ಲ, ರುಜುವಾತು ಮಾಡಿದ ಬೆಲೆ. ಹೊಸ ವಸ್ತುವಾದರೆ ಅಂಗಡಿಯ ಬಿಲ್ ಸಾಕು. ಆದರೆ ಬಿಲ್‌ನಲ್ಲಿರುವ ವಸ್ತುವೇ ಡಬ್ಬದಲ್ಲಿತ್ತು ಎಂದು ತೋರಿಸಲು ಒಂದು ಗುರುತು ಬೇಕು. ಮೈಸೂರು ರೇಷ್ಮೆ ನೇಯುವ ಸರ್ಕಾರಿ ಸಂಸ್ಥೆ ಕೆಎಸ್‌ಐಸಿಯ ಸೀರೆಯಲ್ಲಿ ಪ್ರತಿ ಸೀರೆಗೂ ಬೇರೆಯಾದ ಸಂಖ್ಯೆ ನೇಯ್ದಿರುತ್ತದೆ, ಅದರ ಫೋಟೊ ತೆಗೆಯಿರಿ. ಫೋನಾದರೆ ಐಎಂಇಐ, ಕ್ಯಾಮೆರಾ, ಲ್ಯಾಪ್‌ಟಾಪ್‌ಗಾದರೆ ಸೀರಿಯಲ್ ನಂಬರ್, ಹಾಲ್‌ಮಾರ್ಕ್ ಇರುವ ಒಡವೆಗಾದರೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ.

ಬಳಸಿದ ವಸ್ತುವಿಗೆ ಕೊಂಡಾಗಿನ ಬೆಲೆ ನಡೆಯುವುದಿಲ್ಲ. ಐದು ವರ್ಷದ ಕ್ಯಾಮೆರಾಗೆ ಹೊಸದರ ಬೆಲೆ ಬರೆದು ಹೆಚ್ಚು ಪ್ರೀಮಿಯಂ ಕಟ್ಟಿದರೂ ಕೊಡುವುದು ಈಗಿನ ಮಾರುಕಟ್ಟೆ ಬೆಲೆಯನ್ನೇ. ಅಜ್ಜಿಯ ಕಾಲದ ಬೆಳ್ಳಿ ತಂಬಿಗೆಯಂಥವಕ್ಕೆ ಬಿಲ್ ಇರುವುದಿಲ್ಲ. ಅಧಿಕೃತ ಮೌಲ್ಯಮಾಪಕರಿಂದ ತೂಕ, ಶುದ್ಧತೆ, ಬೆಲೆ ಬರೆದ ಪ್ರಮಾಣಪತ್ರ ಮಾಡಿಸಿ. ಮನೆಯಿಂದಲೇ ಇಳಕಲ್ ಸೀರೆಯೋ ಚನ್ನಪಟ್ಟಣದ ಆಟಿಕೆಯೋ ಮಾರುವವರು ಕ್ರಮಸಂಖ್ಯೆ ಇರುವ ಬಿಲ್ ಬರೆದು, ಗ್ರಾಹಕರು ಹಣ ಕಳಿಸಿದ ದಾಖಲೆಯನ್ನು ಅದರ ಜೊತೆಗಿಡಿ. ದಾರಿಯಲ್ಲಿ ಕಳೆದರೆ ನಷ್ಟ ಯಾರದು ಎಂಬುದನ್ನೂ ಹಣ ಪಡೆಯುವ ಮೊದಲೇ ವಾಟ್ಸ್ಆ್ಯಪ್‌ನಲ್ಲಿ ಬರೆದುಕೊಂಡರೆ ಆಮೇಲಿನ ಮನಸ್ತಾಪ ತಪ್ಪುತ್ತದೆ.

ಮಾರ್ಕ್ಸ್ ಕಾರ್ಡ್, ಕ್ರಯಪತ್ರದಂಥ ಮೂಲ ದಾಖಲೆಗಳದ್ದು ಬೇರೆಯೇ ಕಥೆ. ಅವು ನಿಮಗೆ ಅಮೂಲ್ಯ, ವಿಮೆಯ ಕಣ್ಣಿಗೆ ಬರೀ ಕಾಗದ. ಸಿಕ್ಕರೆ ನಕಲು ಪಡೆಯುವ ಖರ್ಚು ಸಿಕ್ಕೀತು. ಕ್ರಯಪತ್ರ ಕಳಿಸುವ ಮೊದಲು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು ತೆಗೆದಿಟ್ಟುಕೊಳ್ಳಿ. ಸಾಧ್ಯವಾದರೆ ಮೂಲಪತ್ರವನ್ನು ಯಾರಾದರೂ ಕೈಯಲ್ಲೇ ಒಯ್ಯಲಿ.

ಹಂತ 2: ಆ ವಸ್ತುವನ್ನು ಅವರು ಒಯ್ಯುತ್ತಾರೆಯೇ ನೋಡಿ

ಪ್ರತಿ ಕೊರಿಯರ್ ಕಂಪನಿಗೂ ಒಂದು ನಿಷೇಧಿತ ಪಟ್ಟಿ ಇರುತ್ತದೆ. ನಗದು, ಚಿನ್ನ, ಒಡವೆ, ಹರಳುಗಳು ಸಾಮಾನ್ಯವಾಗಿ ಅದರಲ್ಲಿರುತ್ತವೆ. ಪಟ್ಟಿಯಲ್ಲಿರುವ ವಸ್ತು ಕಳಿಸಿದರೆ ನೀವು ಎಷ್ಟೇ ವಿಮೆ ಕಟ್ಟಿರಿ, ಕ್ಲೇಮ್ ಅಲ್ಲಿಗೇ ಮುಗಿಯಿತು. ಸೀರೆಯ ಮಡಿಕೆಯಲ್ಲಿ ಓಲೆ ಬಚ್ಚಿಟ್ಟು ಡಬ್ಬದ ಮೇಲೆ ‘ಬಟ್ಟೆ’ ಎಂದು ಬರೆಯುವುದು ನಮ್ಮ ಮನೆಗಳಲ್ಲಿ ಎಷ್ಟು ರೂಢಿಯೆಂದರೆ, ಅದು ತಪ್ಪು ಎಂದೇ ಯಾರಿಗೂ ಅನಿಸುವುದಿಲ್ಲ. ಓಲೆ ಹೋದರೆ ಸೀರೆಯ ಪರಿಹಾರವೂ ಅದರ ಜೊತೆಗೇ ಹೋಗಬಹುದು.

ಒಡವೆ ಕಳಿಸಲೇಬೇಕಾದರೆ ದಾರಿ ಎರಡು. ಅಂಚೆಯಲ್ಲಿ ವಿಮೆ ಮಾಡಿಸಿ ಕಳಿಸಬಹುದು. ಒಡವೆ, ನಾಣ್ಯ, ನೋಟುಗಳಂಥವನ್ನು ವಿಮೆಯಿಲ್ಲದೆ ಅಂಚೆಗೆ ಹಾಕುವುದೇ ನಿಯಮಕ್ಕೆ ವಿರುದ್ಧ ಎಂಬುದು ನೆನಪಿರಲಿ. ಇಲ್ಲವೇ ಒಡವೆ ಸಾಗಣೆಗೆಂದೇ ಇರುವ ಸಂಸ್ಥೆಗಳಿವೆ, ಬೆಂಗಳೂರಿನ ಸೀಕ್ವೆಲ್, ಮುಂಬೈಯ ಬಿವಿಸಿ ಅಂಥವು. ಇವರ ಮುಖ್ಯ ಗಿರಾಕಿಗಳು ಒಡವೆ ಅಂಗಡಿಗಳು. ಹಾಗಾಗಿ ನಿಮ್ಮ ಪರಿಚಯದ ಅಂಗಡಿಯವರ ಮೂಲಕ ಕಳಿಸುವುದು ಸುಲಭ.

ಬೆಂಗಳೂರಿನಲ್ಲಿ ಬೈಕ್ ಆ್ಯಪ್‌ನಲ್ಲಿ ಲ್ಯಾಪ್‌ಟಾಪ್ ಕಳಿಸುವವರು ಆ್ಯಪ್‌ನ ಷರತ್ತುಗಳಲ್ಲಿ ವಸ್ತುವಿನ ಬೆಲೆಗೆ ಮಿತಿ ಹಾಕಿದ್ದಾರೆಯೇ ನೋಡಿಕೊಳ್ಳಿ.

ಹಂತ 3: ಯಾವ ರಕ್ಷಣೆ ಬೇಕೆಂದು ತೀರ್ಮಾನಿಸಿ

ಇಲ್ಲಿ ಆತುರ ಬೇಡ. ಮೊದಲು, ಏನೂ ಮಾಡಿಸದೆ ಹೋದರೆ ಎಷ್ಟು ಸಿಗುತ್ತದೆ ಎಂದು ನೋಡೋಣ.

ರಸ್ತೆ ಸಾಗಣೆಗೆ 2007ರ ಕಾಯಿದೆ ಇದೆ, ಮನೆಬಾಗಿಲಿಗೆ ಒಯ್ಯುವ ಕೊರಿಯರ್‌ಗಳೂ ಅದರ ವ್ಯಾಪ್ತಿಯಲ್ಲಿವೆ. ಹೆಚ್ಚಿನ ಹೊಣೆಯ ದರ ಕಟ್ಟದಿದ್ದರೆ ಸಾಗಣೆದಾರರ ಹೊಣೆ ಸಾಗಣೆ ಶುಲ್ಕದ ಹತ್ತು ಪಟ್ಟಿಗೆ ಸೀಮಿತ, ಅದೂ ನೀವು ಘೋಷಿಸಿದ ಬೆಲೆ ಮೀರದಂತೆ. ಶುಲ್ಕ 150 ರೂಪಾಯಿಯಾದರೆ ಲೆಕ್ಕ 1,500ಕ್ಕೆ ನಿಂತಿತು. ರೈಲಿನ ಪಾರ್ಸೆಲ್‌ಗೆ ಬೆಲೆ ಘೋಷಿಸಿ ಹೆಚ್ಚುವರಿ ಶುಲ್ಕ ಕಟ್ಟದಿದ್ದರೆ ಕಿಲೋಗೆ 50 ರೂಪಾಯಿ. ಎರಡು ಕಿಲೋ ರೇಷ್ಮೆಗೆ ನೂರು. ವಿಮೆಯಿಲ್ಲದ ಸ್ಪೀಡ್ ಪೋಸ್ಟ್ ಕಳೆದರೆ ಹಲವು ವರ್ಷ ಜಾರಿಯಲ್ಲಿದ್ದ ನಿಯಮದಂತೆ ಸಿಗುತ್ತಿದ್ದದ್ದು ಕಟ್ಟಿದ ಶುಲ್ಕದ ಎರಡು ಪಟ್ಟು ಅಥವಾ 1,000 ರೂಪಾಯಿ, ಯಾವುದು ಕಡಿಮೆಯೋ ಅದು.

‘ಕೋರ್ಟಿಗೆ ಹೋಗುತ್ತೇನೆ’ ಎನ್ನುವವರಿಗೆ ಒಂದು ಮಾತು. 1996ರಲ್ಲಿ ಭಾರತಿ ನಿಟ್ಟಿಂಗ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಳಿಸುವವರು ಸಹಿ ಹಾಕಿದ ರಸೀದಿಯಲ್ಲಿದ್ದ 100 ಡಾಲರ್ ಮಿತಿಯನ್ನೇ ಎತ್ತಿಹಿಡಿಯಿತು. ರಸೀದಿಗೆ ಸಹಿ ಹಾಕಿದರೆ ಅದರ ಹಿಂದಿರುವ ಸಣ್ಣ ಅಕ್ಷರಗಳಿಗೂ ಹಾಕಿದಂತೆಯೇ.

ಈಗ ಆಯ್ಕೆಗಳು.

ಮೊದಲನೆಯದು ಅಂಚೆ ವಿಮೆ. ಸ್ಪೀಡ್ ಪೋಸ್ಟ್‌ಗೆ 1 ಲಕ್ಷ ರೂಪಾಯಿವರೆಗೆ ವಿಮೆ ಮಾಡಿಸಬಹುದು. ಹಳ್ಳಿಯ ಶಾಖಾ ಕಚೇರಿಯಲ್ಲಿ ಮಿತಿ ತೀರಾ ಕಡಿಮೆ, ಅದಕ್ಕೇ ತಾಲ್ಲೂಕು ಅಥವಾ ಪ್ರಧಾನ ಅಂಚೆ ಕಚೇರಿಗೆ ಹೋಗಿ. ನಿಜಬೆಲೆಗಿಂತ ಹೆಚ್ಚಿಗೆ ವಿಮೆ ಮಾಡಿಸಲು ಅವಕಾಶವಿಲ್ಲ. ಬಿಡಿ ಪಾರ್ಸೆಲ್ ಕಳಿಸುವ ಮನೆಯವರಿಗೆ ನಾನು ಹೇಳುವುದು ಇದನ್ನೇ. ಕೌಂಟರ್‌ನಲ್ಲಿ ಸಮಯ ಹಿಡಿಯುತ್ತದೆ, ನಿಜ. ಆದರೆ ಮಾತಿನಲ್ಲಿ ಮುಗಿಯುವ ಭರವಸೆ ಅಲ್ಲಿ ಇರುವುದಿಲ್ಲ, ಎಲ್ಲವೂ ರಸೀದಿಯ ಮೇಲೆ ಬರುತ್ತದೆ.

ಎರಡನೆಯದು ಕೊರಿಯರ್‌ನವರೇ ಹೊಣೆ ಹೊರುವುದು. ಬುಕಿಂಗ್ ಫಾರಂನಲ್ಲಿ ‘ಓನರ್ಸ್ ರಿಸ್ಕ್’, ‘ಕ್ಯಾರಿಯರ್ಸ್ ರಿಸ್ಕ್’ ಎಂಬ ಎರಡು ಚೌಕಗಳು ಕಾಣುತ್ತವೆ. ಮೊದಲನೆಯದರಲ್ಲಿ ಹೊಣೆ ನಿಮ್ಮದು, ಎರಡನೆಯದರಲ್ಲಿ ಅವರದು. ಎರಡನೆಯದಕ್ಕೆ ಘೋಷಿತ ಬೆಲೆಯ ಮೇಲೆ ಇಂತಿಷ್ಟು ಶೇಕಡಾ ಎಂದು ಶುಲ್ಕ ಹಾಕುತ್ತಾರೆ. ಬಿಲ್‌ನಲ್ಲಿ ಅದು ‘ಎಫ್‌ಒವಿ’ (ಬೆಲೆಯ ಮೇಲಿನ ಶುಲ್ಕ) ಅಥವಾ ‘ರಿಸ್ಕ್ ಸರ್‌ಚಾರ್ಜ್’ ಎಂದು ಬರಬಹುದು. ಗೊಂದಲ ಹುಟ್ಟುವುದು ಇಲ್ಲೇ: ಕೆಲವರು ಓನರ್ಸ್ ರಿಸ್ಕ್‌ನಲ್ಲೂ ಸಣ್ಣದೊಂದು ಎಫ್‌ಒವಿ ಹಾಕುತ್ತಾರೆ. ಅದನ್ನು ನೋಡಿ ವಿಮೆ ಆಯಿತು ಎಂದುಕೊಳ್ಳಬೇಡಿ. ಯಾವ ಚೌಕಕ್ಕೆ ಗುರುತು ಬಿದ್ದಿದೆ ನೋಡಿ.

ಮೂರನೆಯದು ವಿಮಾ ಕಂಪನಿಯ ಟ್ರಾನ್ಸಿಟ್ ಪಾಲಿಸಿ. ನ್ಯೂ ಇಂಡಿಯಾ, ಯುನೈಟೆಡ್ ಇಂಡಿಯಾ, ಟಾಟಾ ಎಐಜಿ, ಐಸಿಐಸಿಐ ಲೊಂಬಾರ್ಡ್‌ನಂಥ ಸಾಮಾನ್ಯ ವಿಮಾ ಕಂಪನಿಗಳಲ್ಲಿ ಕೇಳಿ. ಲಾರಿಯಲ್ಲಿ ಹೋದರೂ ಇದು ‘ಮರೈನ್’ ವಿಭಾಗಕ್ಕೇ ಬರುತ್ತದೆ, ಆ ಹೆಸರು ನೋಡಿ ಹಿಂದಿರುಗಬೇಡಿ. ಒಂದೇ ಸಾಗಣೆಗೆ ಪಾಲಿಸಿ ಸಿಗುತ್ತದೆ. ವಾರವಾರ ಕಳಿಸುವ ವ್ಯಾಪಾರಿಗಳಿಗೆ ವರ್ಷಕ್ಕೊಂದು ಓಪನ್ ಪಾಲಿಸಿ ಅಗ್ಗ. ಒಳನಾಡಿನ ಸಾಗಣೆಗೆ ಎ, ಬಿ, ಸಿ ಎಂದು ಮೂರು ಬಗೆಯ ಷರತ್ತುಗಳಿವೆ. ‘ಸಿ’ಯಲ್ಲಿ ಬೆಂಕಿ, ಸಿಡಿಲು ಅಷ್ಟೇ. ‘ಬಿ’ಯಲ್ಲಿ ವಾಹನ ಮಗುಚುವುದು, ಡಿಕ್ಕಿ ಮುಂತಾದವು ಸೇರುತ್ತವೆ. ಕಳ್ಳತನ, ಕಾಣೆಯಾಗುವುದು ಎಲ್ಲಕ್ಕೂ ಬೇಕಾದದ್ದು ‘ಎ’. ಪ್ರೀಮಿಯಂ ಕಡಿಮೆ ಎಂದು ‘ಬಿ’ ತಗೊಂಡು ಕಳ್ಳತನಕ್ಕೆ ಕ್ಲೇಮ್ ಹಾಕಿದವರಿಗೆ ಒಂದು ಸಾಲಿನ ಉತ್ತರ ಬರುತ್ತದೆ. ‘ಎ’ಯಲ್ಲೂ ಸಿಗದವು ಇವೆ: ಕಳಪೆ ಪ್ಯಾಕಿಂಗ್‌ನಿಂದ ಆದ ಹಾನಿ, ವಸ್ತು ತಾನಾಗಿ ಕೆಡುವುದು, ತಡವಾದದ್ದರಿಂದ ಆದ ನಷ್ಟ. ಪ್ರತಿ ಕ್ಲೇಮ್‌ನಲ್ಲಿ ಮೊದಲಿಗೆ ನೀವೇ ಭರಿಸಬೇಕಾದ ಮೊತ್ತವನ್ನು ‘ಎಕ್ಸೆಸ್’ ಎನ್ನುತ್ತಾರೆ, ಅದೆಷ್ಟು ಎಂದು ಕೇಳಿ. ಪಾಲಿಸಿ ಪಾರ್ಸೆಲ್ ಹೊರಡುವ ಮೊದಲೇ ಜಾರಿಯಾಗಿರಬೇಕು.

ಈಗ ಆನ್‌ಲೈನ್ ಬುಕಿಂಗ್ ತಾಣಗಳು ‘ಪ್ರೊಟೆಕ್ಷನ್’ ಎಂದು ಒಂದು ಗುಂಡಿ ಇಡುತ್ತವೆ. ಅದರ ಹಿಂದೆ ವಿಮಾ ಕಂಪನಿ ಇದೆಯೇ, ನಿಮ್ಮ ಹೆಸರಿಗೆ ಸರ್ಟಿಫಿಕೇಟ್ ಬರುತ್ತದೆಯೇ ಕೇಳಿ. ಇಲ್ಲವೆಂದರೆ ಅದು ಆ ತಾಣದವರು ಕೊಟ್ಟ ಮಾತು ಮಾತ್ರ. ಈ ವ್ಯತ್ಯಾಸ ಕೊನೆಯ ಹಂತದಲ್ಲಿ ಬಹಳ ದೊಡ್ಡದಾಗುತ್ತದೆ.

ಹಂತ 4: ಫೋಟೊ ಮೊದಲು, ಟೇಪ್ ಆಮೇಲೆ

ವಸ್ತು, ಅದರ ಗುರುತಿನ ಸಂಖ್ಯೆ, ಬಿಲ್ ಮೂರೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಒಂದು ಫೋಟೊ. ಅಲ್ಲಿಂದ ಡಬ್ಬ ಮುಚ್ಚಿ ತಕ್ಕಡಿಯ ಮೇಲಿಡುವವರೆಗೆ ಕತ್ತರಿಸದ ವಿಡಿಯೊ. ವಸ್ತುವನ್ನು ಡಬ್ಬಕ್ಕೆ ಹಾಕಿದ್ದು ಕಾಣದ ವಿಡಿಯೊದಿಂದ ಪ್ರಯೋಜನವಿಲ್ಲ. ತೂಕವನ್ನು ಗ್ರಾಂನಲ್ಲಿ ಬರೆದಿಡಿ. ದಾರಿಯಲ್ಲಿ ಡಬ್ಬ ಬಿಚ್ಚಿ ವಸ್ತು ತೆಗೆದಿದ್ದಾರೆಂದು ತೋರಿಸಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಸಿಗುವುದು ಕಷ್ಟ.

ರೇಷ್ಮೆಯನ್ನು ತೆಳು ಹತ್ತಿ ಬಟ್ಟೆಯಲ್ಲಿ ಸುತ್ತಿ, ಅದರ ಮೇಲೆ ನೀರು ಇಳಿಯದ ಕವರ್ ಹಾಕಿ. ಬಿದರಿ ಸಾಮಾನಿನ ಮುಖ್ಯ ಲೋಹ ಸತು. ಭಾರ ಇರುವುದರಿಂದ ಬಿದ್ದರೆ ಪೆಟ್ಟೂ ಜೋರು. ಒಳಡಬ್ಬ, ಹೊರಡಬ್ಬದ ನಡುವೆ ಎಲ್ಲ ಕಡೆ ಸುಮಾರು ಎರಡು ಇಂಚು ಬಬಲ್ ರ್‍ಯಾಪ್ ಇರಲಿ. ಅಲುಗಾಡಿಸಿದರೆ ಸದ್ದು ಬರಬಾರದು.

ಒಳಗೆ ಇಬ್ಬರ ವಿಳಾಸ, ಫೋನ್ ನಂಬರ್ ಬರೆದ ಚೀಟಿ ಹಾಕಿ. ಹೊರಗಿನ ಲೇಬಲ್ ಕಿತ್ತುಹೋದ ಪಾರ್ಸೆಲ್ ಮಾಲೀಕರನ್ನು ಸೇರುವುದು ಆ ಚೀಟಿಯಿಂದಲೇ. ಹೊರಗೆ ಅಂಗಡಿ ಹೆಸರು, ಮೊಬೈಲ್ ಬ್ರ್ಯಾಂಡ್, ‘ಬೆಳ್ಳಿ’ ಇಂಥದ್ದೇನೂ ಕಾಣಬಾರದು. ಹಳೆಯ ಡಬ್ಬವಾದರೆ ಹಿಂದಿನ ಬಾರ್‌ಕೋಡ್ ಪೂರ್ತಿ ಕಿತ್ತುಹಾಕಿ, ಇಲ್ಲವಾದರೆ ಯಂತ್ರ ಅದನ್ನೇ ಓದಿ ಎಲ್ಲಿಗೋ ಕಳಿಸೀತು. ಟೇಪಿನ ಅಂಚು ದಾಟುವಂತೆ ಮಾರ್ಕರ್‌ನಲ್ಲಿ ಸಹಿ ಹಾಕಿ ಅದರ ಫೋಟೊ ತೆಗೆಯಿರಿ. ಅಂಚೆಯ ಅರಗು ಮುದ್ರೆಗೆ ಚಾಲ್ತಿ ನಾಣ್ಯ ಒತ್ತಬಾರದು. ಎಲ್ಲ ಜೋಡಣೆಗಳ ಮೇಲೂ ನಿಮ್ಮದೇ ಆದ ಒಂದೇ ಗುರುತು ಸ್ಪಷ್ಟವಾಗಿ ಮೂಡಬೇಕು.

ಹಂತ 5: ಕೌಂಟರ್‌ನಲ್ಲಿ

ಪೂರ್ತಿ ಬೆಲೆ ಬರೆಯಿರಿ. ಜನ ಮತ್ತೆ ಮತ್ತೆ ಸೋಲುವುದು ಈ ಒಂದು ಗೆರೆಯಲ್ಲಿ. ಇಪ್ಪತ್ತೆರಡು ಸಾವಿರದ ಸೀರೆಗೆ ‘ಎರಡು ಸಾವಿರ’ ಬರೆದು ಒಂದಿಷ್ಟು ಶುಲ್ಕ ಉಳಿಸಿದರೆ, ಕಳೆದಾಗ ಕೇಳಲು ಸಾಧ್ಯವಾಗುವುದು ಆ ಎರಡು ಸಾವಿರವನ್ನೇ. ನಿಮ್ಮ ಕೈಬರಹವೇ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ.

ರಸೀದಿ ಕೈಗೆ ಬಂದಮೇಲೆ ಅಲ್ಲೇ ನಿಂತು ಓದಿ. ಕಳಿಸುವವರ ಜಾಗದಲ್ಲಿ ನಿಮ್ಮ ಹೆಸರಿದೆಯೇ? ವಸ್ತುವಿನ ವಿವರ ‘ರೇಷ್ಮೆ ಸೀರೆ, 1’ ಎಂದಿದೆಯೇ, ‘ಗಿಫ್ಟ್’ ಅಥವಾ ‘ಡಾಕ್ಯುಮೆಂಟ್’ ಎಂದಿದೆಯೇ? ಘೋಷಿತ ಬೆಲೆ, ಗ್ರಾಂ ತೂಕ, ವಿಮಾ ಶುಲ್ಕ ಬೇರೆ ಬೇರೆ ಸಾಲಾಗಿ ಬಂದಿವೆಯೇ? ಖಾಲಿ ಬಿಟ್ಟ ಜಾಗವನ್ನು ‘ಆಮೇಲೆ ಸಿಸ್ಟಂನಲ್ಲಿ ಹಾಕ್ತೀವಿ’ ಎಂದರೆ ಒಪ್ಪಬೇಡಿ. ಮುಂದೆ ಹಿಂದೆ ಎರಡೂ ಬದಿಯ ಫೋಟೊ ತೆಗೆಯಿರಿ, ಆ ರಸೀದಿಯ ಅಕ್ಷರಗಳು ಕೆಲವೇ ತಿಂಗಳಲ್ಲಿ ಅಳಿಸಿಹೋಗುತ್ತವೆ.

ಎದ್ದು ಬರಬೇಕಾದ ಸೂಚನೆಗಳೂ ಇವೆ. ‘ಎಲ್ಲಾದಕ್ಕೂ ಇನ್ಶೂರೆನ್ಸ್ ಇದ್ದೇ ಇರುತ್ತೆ ಸಾರ್’ ಎನ್ನುವುದು ಒಂದು. ಟ್ರ್ಯಾಕಿಂಗ್ ತೋರಿಸಿ ವಿಮೆ ಎನ್ನುವುದು ಇನ್ನೊಂದು. ಪಾರ್ಸೆಲ್ ಎಲ್ಲಿ ಕಳೆಯಿತೆಂದು ತಿಳಿಯುವುದಕ್ಕೂ ಹಣ ವಾಪಸ್ ಬರುವುದಕ್ಕೂ ಸಂಬಂಧವಿಲ್ಲ. ಮೂರನೆಯದು ಫ್ರಾಂಚೈಸಿ ಅಂಗಡಿಯವರು ತಮ್ಮದೇ ಖಾತೆಯಲ್ಲಿ, ತಮ್ಮದೇ ಹೆಸರಲ್ಲಿ ಬುಕ್ ಮಾಡುವುದು. ಆಗ ಕಂಪನಿಯ ದಾಖಲೆಯಲ್ಲಿ ನೀವು ಯಾರೂ ಅಲ್ಲ.

ವಿದೇಶಕ್ಕಾದರೆ

ಅಮೆರಿಕದಲ್ಲಿರುವ ಮಗಳಿಗೆ ದೀಪಾವಳಿಗೆ ಬೆಳ್ಳಿ ದೀಪ ಕಳಿಸುವವರು ಕಸ್ಟಮ್ಸ್ ಫಾರಂನಲ್ಲಿ ಕಡಿಮೆ ಬೆಲೆ, ವಿಮೆಯಲ್ಲಿ ಹೆಚ್ಚು ಬೆಲೆ ಬರೆಯುತ್ತಾರೆ. ಎರಡೂ ಕಾಗದ ಒಂದೇ ಕಡತದಲ್ಲಿ ಸೇರಿದಾಗ ಕ್ಲೇಮ್ ಬಿದ್ದುಹೋಗುತ್ತದೆ, ಸುಳ್ಳು ಘೋಷಣೆಯ ತೊಂದರೆ ಬೇರೆ. ಎರಡರಲ್ಲೂ ಒಂದೇ ಅಂಕಿ ಇರಲಿ. ಅಂಚೆಯ ಮೂಲಕ ವಿಮೆ ಎಲ್ಲ ದೇಶಗಳಿಗೂ ಇರುವುದಿಲ್ಲ, ಬುಕ್ ಮಾಡುವ ಮೊದಲು ಕೇಳಿ. ಪಾರ್ಸೆಲ್ ದಾರಿಯಲ್ಲಿರುವಾಗ ‘ಕಸ್ಟಮ್ಸ್ ಶುಲ್ಕ ಬಾಕಿ, ಲಿಂಕ್ ಒತ್ತಿ’ ಎಂಬ ಸಂದೇಶ ಬಂದರೆ ಒತ್ತಬೇಡಿ. ಕಂಪನಿಯ ತಾಣಕ್ಕೇ ಹೋಗಿ ನೋಡಿ.

ಹಂತ 6: ದಾರಿಯಲ್ಲಿರುವಾಗ

ದಿನಕ್ಕೊಮ್ಮೆ ಟ್ರ್ಯಾಕಿಂಗ್ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ಒಂದೇ ಕೇಂದ್ರದಲ್ಲಿ ದಿನಗಟ್ಟಲೆ ನಿಂತಿದ್ದರೆ, ತೂಕ ಬದಲಾಗಿ ಕಂಡರೆ, ಅಥವಾ ಯಾರೂ ಬರದೆಯೇ ‘ಮನೆ ಬಾಗಿಲು ಹಾಕಿತ್ತು’ ಎಂದು ಬಂದರೆ ಅಂದೇ ಇ-ಮೇಲ್ ಬರೆಯಿರಿ. ಫೋನ್ ಮಾತು ದಾಖಲೆಯಾಗಿ ಉಳಿಯುವುದಿಲ್ಲ, ದೂರಿನ ಸಂಖ್ಯೆಯಾದರೂ ಕೇಳಿ ಪಡೆಯಿರಿ.

ಹಂತ 7: ತಲುಪಿದಾಗ

ಪಡೆಯುವವರಿಗೆ ಮೊದಲೇ ಹೇಳಿಕೊಡಿ. ಸಹಿ ಅಥವಾ ಓಟಿಪಿಗೆ ಮೊದಲು ಟೇಪಿನ ಮೇಲಿನ ಸಹಿ ನಿಮ್ಮ ಫೋಟೊಗೆ ತಾಳೆಯಾಗುತ್ತದೆಯೇ ನೋಡಬೇಕು, ತೂಗಬೇಕು. ವ್ಯತ್ಯಾಸ ಕಂಡರೆ ಪಡೆಯದೆ ಹಿಂದಿರುಗಿಸಬಹುದು. ಪಡೆದರೂ ‘ಡಬ್ಬ ಹರಿದಿದೆ, ತೂಕ 310 ಗ್ರಾಂ ಕಡಿಮೆ’ ಎಂದು ಡೆಲಿವರಿ ಶೀಟಿನ ಮೇಲೆಯೇ ಬರೆದು ಸಹಿ ಮಾಡಬೇಕು. ಸಹಿ ಮೊಬೈಲ್ ಪರದೆಯ ಮೇಲಾದರೆ ಡೆಲಿವರಿ ಹುಡುಗ ಅಲ್ಲಿರುವಾಗಲೇ ಫೋಟೊ ತೆಗೆದು ಇ-ಮೇಲ್ ಕಳಿಸಲಿ. ಬಿಚ್ಚುವಾಗ ವಿಡಿಯೊ ಬೇಕು, ಆರು ಮುಖಗಳನ್ನೂ ತೋರಿಸಿದ ಮೇಲೆಯೇ ಕತ್ತರಿ. ಹಾನಿಯಾಗಿದ್ದರೆ ಡಬ್ಬ, ಬಬಲ್ ರ್‍ಯಾಪ್ ಯಾವುದನ್ನೂ ಎಸೆಯಬಾರದು. ಹಾನಿ ನೋಡಲು ವಿಮಾ ಕಂಪನಿಯ ಕಡೆಯ ಸರ್ವೇಯರ್ ಬಂದರೆ ಮೊದಲು ಕೇಳುವುದು ಅವನ್ನೇ.

ಹಂತ 8: ಕ್ಲೇಮ್ ಹಾಕುವ ಕ್ರಮ

ಮೊದಲ ದಿನವೇ ಎರಡು ಪತ್ರ: ಒಂದು ವಿಮಾ ಕಂಪನಿಗೆ, ಇನ್ನೊಂದು ಸಾಗಣೆದಾರರಿಗೆ. ‘ನನಗೆ ಪಾಲಿಸಿ ಇದೆಯಲ್ಲ, ಕೊರಿಯರ್‌ನವರಿಗೆ ಯಾಕೆ ಬರೆಯಲಿ’ ಎಂದು ಸುಮ್ಮನಿರುವವರು ಬಹಳ ಮಂದಿ. ವಿಮಾ ಕಂಪನಿ ನಿಮಗೆ ಹಣ ಕೊಟ್ಟ ಮೇಲೆ ಅದನ್ನು ಸಾಗಣೆದಾರರಿಂದ ವಸೂಲಿ ಮಾಡುವ ಹಕ್ಕು ಅದಕ್ಕೆ ಬರುತ್ತದೆ. ನೀವು ನೋಟಿಸ್ ಕೊಡದೆ ಆ ಹಕ್ಕು ತಪ್ಪಿಹೋದರೆ ಅದನ್ನೇ ಕಾರಣ ಮಾಡಿ ಕ್ಲೇಮ್ ತಿರಸ್ಕರಿಸಬಹುದು.

ಸಾಗಣೆದಾರರಿಗೆ ನೋಟಿಸ್ ಕೊಡುವ ಗಡುವುಗಳು: ರಸ್ತೆ ಸಾಗಣೆಗೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತವಾಗಿ. ರೈಲಿಗೆ ಒಪ್ಪಿಸಿದ ದಿನದಿಂದ ಆರು ತಿಂಗಳು. ಅಂತರರಾಷ್ಟ್ರೀಯ ವಿಮಾನ ಸರಕಿಗೆ ಹಾನಿಯಾಗಿದ್ದರೆ ಪಡೆದ 14 ದಿನದೊಳಗೆ. ಇವು ಕಾನೂನಿನ ಗಡುವುಗಳು. ರಸೀದಿಯ ಹಿಂದೆ ಏಳು ದಿನ, ಮೂವತ್ತು ದಿನ ಎಂದು ಇನ್ನೂ ಕಡಿಮೆ ಬರೆದಿರಬಹುದು, ಅದನ್ನೇ ಗಡುವೆಂದು ತಿಳಿದು ಕೆಲಸ ಮಾಡಿ. ಪಾಲಿಸಿಯಲ್ಲಿರುವ ಗಡುವು ಇವೆಲ್ಲಕ್ಕಿಂತ ಬೇರೆ.

ಪತ್ರದಲ್ಲಿ ಬೈಗುಳ ಬೇಡ. ಬುಕಿಂಗ್ ಸಂಖ್ಯೆ, ದಿನಾಂಕ, ವಸ್ತು, ಘೋಷಿತ ಬೆಲೆ, ಏನಾಯಿತು, ಎಷ್ಟು ಕೊಡಬೇಕು, ಇಷ್ಟು ಸಾಕು. ಜೊತೆಗೆ ಬಿಲ್, ಎರಡೂ ಬದಿಯ ರಸೀದಿ, ತೂಕದ ಫೋಟೊ, ವಿಡಿಯೊದ ಕೊಂಡಿ. ಪಾರ್ಸೆಲ್ ತಲುಪಿಲ್ಲ ಎಂದು ಸಾಗಣೆದಾರರೇ ಬರೆದುಕೊಡುವ ಪತ್ರವನ್ನು ವಿಮಾ ಕಂಪನಿ ಕೇಳುತ್ತದೆ, ಅದಕ್ಕಾಗಿ ಮೊದಲ ವಾರದಿಂದಲೇ ಬೆನ್ನು ಹತ್ತಿ. ‘ಡೆಲಿವರಿ ಆಗಿದೆ’ ಎಂದು ತೋರಿಸಿ ವಸ್ತು ಬಂದಿಲ್ಲದಿದ್ದರೆ ಸಹಿ ಇರುವ ಡೆಲಿವರಿ ದಾಖಲೆಯ ಪ್ರತಿ ಕೇಳಿ. ಕಳ್ಳತನದ ಅನುಮಾನವಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅಂಚೆಯ ಪಾರ್ಸೆಲ್‌ಗೆ ದೂರವಾಣಿ 1800 266 6868, ಆದರೆ ವಿಮಾ ಪರಿಹಾರಕ್ಕೆ ಬುಕ್ ಮಾಡಿದ ಕಚೇರಿಗೇ ಅರ್ಜಿ ಕೊಡುವುದು ಒಳ್ಳೆಯದು.

‘ಪೂರ್ಣ ಮತ್ತು ಅಂತಿಮ ಪರಿಹಾರ’ ಎಂದು ಬರೆದ ಚೀಟಿಗೆ ಸಹಿ ಕೇಳಿದರೆ ಮೊತ್ತ ನೋಡದೆ ಹಾಕಬೇಡಿ. ಐನೂರು ರೂಪಾಯಿಯ ಕೂಪನ್ ಕೊಟ್ಟು ಈ ಸಹಿ ಪಡೆಯುವ ಚಾಳಿಯೂ ಇದೆ.

ಹಂತ 9: ಇಲ್ಲ ಎಂದರೆ

ನಿರಾಕರಣೆ ಲಿಖಿತವಾಗಿ, ಕಾರಣದೊಂದಿಗೆ ಬರಲಿ. ಮುಂದಿನ ದಾರಿ ನಿಮ್ಮ ಬಳಿ ಇರುವುದು ಏನೆಂಬುದರ ಮೇಲಿದೆ.

ವಿಮಾ ಕಂಪನಿಯ ಪಾಲಿಸಿಯಾದರೆ ಮೊದಲು ಅದರ ದೂರು ವಿಭಾಗಕ್ಕೆ ಬರೆಯಿರಿ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಸಹಾಯವಾಣಿ 155255, ಆನ್‌ಲೈನ್‌ನಲ್ಲಿ ಬಿಮಾ ಭರೋಸಾ. ತಿಂಗಳಾದರೂ ಉತ್ತರವಿಲ್ಲದಿದ್ದರೆ ಅಥವಾ ತಿರಸ್ಕರಿಸಿದರೆ ವಿಮಾ ಒಂಬುಡ್ಸ್‌ಮನ್ (ವಿಮೆಯ ದೂರುಗಳನ್ನು ತೀರ್ಮಾನಿಸುವ ಅಧಿಕಾರಿ) ಬಳಿ ವರ್ಷದೊಳಗೆ ಹೋಗಬಹುದು. ಕರ್ನಾಟಕದವರಿಗೆ ಅದರ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. 50 ಲಕ್ಷದವರೆಗಿನ ದೂರು ಕೇಳುತ್ತಾರೆ, ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಅಲ್ಲಿ ಬರುವ ತೀರ್ಪಿಗೆ ವಿಮಾ ಕಂಪನಿ ಬದ್ಧ. ಮನೆಮಂದಿಯ ಜೊತೆಗೆ ಸ್ವಂತ ಹೆಸರಿನ ಸಣ್ಣ ವ್ಯಾಪಾರ ನಡೆಸುವವರಿಗೂ ಇದು ತೆರೆದಿದೆ.

ಕೊರಿಯರ್‌ನವರ ಸ್ವಂತ ರಿಸ್ಕ್ ಶುಲ್ಕ ಅಥವಾ ಆನ್‌ಲೈನ್ ತಾಣದ ‘ಪ್ರೊಟೆಕ್ಷನ್’ ಮಾತ್ರ ಇದ್ದರೆ ಒಂಬುಡ್ಸ್‌ಮನ್ ಬಾಗಿಲು ತೆರೆಯುವುದಿಲ್ಲ. ಆಗ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಕೆಲವು ಕಂಪನಿಗಳು ಅಲ್ಲಿಗೇ ಮಣಿಯುತ್ತವೆ. ಇಲ್ಲದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯಿದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕಂಪನಿಯ ಮುಖ್ಯ ಕಚೇರಿ ದೆಹಲಿಯಲ್ಲಿದ್ದರೂ ಹಾವೇರಿಯವರು ಹಾವೇರಿಯಲ್ಲೇ. ‘ಎಲ್ಲ ವ್ಯಾಜ್ಯ ಇಂಥ ಊರಿನಲ್ಲಿ ಮಾತ್ರ’ ಎಂದು ರಸೀದಿಯಲ್ಲಿ ಅಚ್ಚಾಗಿದೆ ಎಂದು ಹೆದರಿ ಬಿಡಬೇಡಿ. ಕಾಲಮಿತಿ ಎರಡು ವರ್ಷ. ದೊಡ್ಡ ವ್ಯಾಪಾರದ ಸರಕಿಗೆ ಗ್ರಾಹಕರೆಂಬ ಸ್ಥಾನ ಸಿಗುವುದಿಲ್ಲ, ಹೊಟ್ಟೆಪಾಡಿಗೆ ಸ್ವಂತವಾಗಿ ದುಡಿಯುವವರಿಗೆ ಸಿಗುತ್ತದೆ. ಮನೆಯಲ್ಲೇ ಸೀರೆ ಮಾರುವವರು ಈ ಮಾತನ್ನು ದೂರಿನ ಆರಂಭದಲ್ಲೇ ಬರೆಯಬೇಕು, ಏಕೆಂದರೆ ಎದುರಿನವರ ವಕೀಲರು ಮೊದಲ ಆಕ್ಷೇಪ ಎತ್ತುವುದು ಅದರ ಮೇಲೆಯೇ.